ಎರಡರಿಂದ ನಾಲ್ಕರ ಸ್ವರ

ಬೇಲಾಪುರದ ಕಚೇರಿಯಿಂದ ನಿವೃತ್ತನಾದ ಮೇಲೆ ನನಗೆ ಆಂಪ್ಲಿಫೈಯರ್ ಮಾಡುವ ಹುಚ್ಚು ಹಿಡಿಯಿತು. ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಊಟದ ಮೇಜೇ ವರ್ಕ್‌ಶಾಪು. ಮೈಕಿನ ಸಣ್ಣ ಸ್ವರವನ್ನು ಹಿಗ್ಗಿಸಲು ಎಂಟು ಕಾಲಿನ ಆಪ್-ಆಂಪ್ ಚಿಪ್ಪು, ಅದಕ್ಕೆ ಎರಡು ಒಂಬತ್ತು ವೋಲ್ಟಿನ ಬ್ಯಾಟರಿ, ಸ್ಪೀಕರ್ ನಡೆಸಲು ಇನ್ನೊಂದು ಬೋರ್ಡು, ಎಲ್ಲವನ್ನೂ ಚಕ್ಕುಲಿಯ ಡಬ್ಬಿಯಲ್ಲಿ ಕೂರಿಸಿದ್ದೆ.

ಜಂಬ ಕೊಚ್ಚಿಕೊಳ್ಳುವ ಚಟ ಬೇರೆ. ಹೆಂಡತಿಯ ತಾಳಮದ್ದಳೆ ತಂಡ ಠಾಣೆಯಲ್ಲಿ ಕೂಟ ಇಟ್ಟುಕೊಂಡಾಗ, ಬಾಡಿಗೆಯ ಮೈಕು ಯಾಕೆ, ನಾನಿಲ್ಲವೇ ಎಂದುಬಿಟ್ಟೆ. ಹನ್ನೊಂದು ವರ್ಷ ಸಖಿಯ ಎರಡೆರಡು ಮಾತು ಆಡಿಕೊಂಡಿದ್ದವಳಿಗೆ ಆ ಸಲ ಮೊದಲ ಬಾರಿಗೆ ಅಸುರನ ಪಾತ್ರ ಸಿಕ್ಕಿತ್ತು.

ಒಂದು ವಾರ ಮೊದಲು ಟ್ರಯಲ್. ಅಸುರ ಗರ್ಜಿಸಿದ್ದೇ ತಡ, ಸ್ಪೀಕರಿನಿಂದ ಒಣಕೊಬ್ಬರಿ ತಿರುವುವ ಮಿಕ್ಸಿಯ ಸದ್ದು ಬಂತು. ವಾಲ್ಯೂಮ್ ಇಳಿಸಿದೆ. ಸಣ್ಣ ಮಿಕ್ಸಿಯ ಸದ್ದು ಬಂತು.

ತಂಡದ ಹಿರಿಯರು ತಲೆಯಾಡಿಸಿದರು. "ಹೆಂಗಸರ ಸ್ವರ ಅಸುರನಿಗೆ ಒಗ್ಗುದಿಲ್ಲ. ಭಾನುವಾರವೂ ಹೀಗೇ ಆದ್ರೆ ಪಾತ್ರ ಬದಲಾಯಿಸುವ."

ಮನೆಗೆ ಬರುವಾಗ ಅವಳು ನನ್ನ ಪಕ್ಕದ ಸೀಟು ಬಿಟ್ಟು ಬೇರೆ ಕಡೆ ಕೂತಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆ ವಾರ ಬ್ಯಾಟರಿ ಬದಲಿಸಿದೆ. ಎಲ್ಲ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಪಕ್ಕದ ಊರು ಕಲ್ಯಾಣ್‌ಗೆ ಹೋಗಿ ಹೊಸ ಚಿಪ್ಪು ತಂದೆ. ಪ್ರತಿ ಸಲವೂ ಮಧ್ಯಾಹ್ನದ ಊಟವಾದ ಮೇಲೆ ಮೈಕಿಗೆ ಬಾಯಿಟ್ಟು "ಹಲೋ ಹಲೋ" ಎಂದರೆ ಚೂರೂ ಕರಕರ ಇಲ್ಲ! ಸಂಜೆ ಅವಳು ಅಸುರನ ಮಾತು ಶುರು ಮಾಡಿದರೆ ಮತ್ತೆ ಮಿಕ್ಸಿ. ಅವಳ ಸ್ವರದಲ್ಲೇ ಏನೋ ದೋಷವಿದೆ ಎಂದು ನನಗೂ ಅನುಮಾನ ಬಂದದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಶನಿವಾರ ಮಧ್ಯಾಹ್ನ ಅವಳೇ ಮೈಕಿನ ಮುಂದೆ ಕೂತಳು. ನಮ್ಮ ಸೊಸೈಟಿಯಲ್ಲಿ ಎರಡರಿಂದ ನಾಲ್ಕು ಎಲ್ಲರೂ ಮಲಗುವ ಹೊತ್ತು, ಸದ್ದು ಮಾಡಬಾರದೆಂದು ಕೆಳಗೆ ಮರಾಠಿಯಲ್ಲಿ ಬೋರ್ಡೇ ಇದೆ. ಹಾಗಾಗಿ ಪಿಸುದನಿಯಲ್ಲೇ ಬೈದಳು.

"ಎಂತ ಮಾರಾಯ್ರೆ, ನಿಮ್ಮ ಜಂಬಕ್ಕೆ ನನ್ನ ಪಾತ್ರ ಹೋಗ್ಬೇಕಾ?"

ಸ್ಪೀಕರಿನಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು. ಬೈಗುಳ ಹೀಗೇ ನಡೆಯುತ್ತಿರಲು ಗಡಿಯಾರ ನಾಲ್ಕು ಹೊಡೆಯಿತು. ಅವಳ ಸ್ವರ ಏರಿತು. ಮಿಕ್ಸಿ!

ನಾನು ಕುರ್ಚಿಯಿಂದ ಹಾರಿದೆ. "ಬೈ! ಇನ್ನೊಮ್ಮೆ ಜೋರಾಗಿ ಬೈ!"

ಪಕ್ಕದ ಮನೆಯವರು ಬಾಗಿಲು ತೆರೆದು, "ಕಾಯ್ ಝಾಲಂ ಹೋ?" ಎಂದು ಏನಾಯಿತೆಂದು ವಿಚಾರಿಸಿದರು. ಎಲ್ಲ ಸರಿಹೋಯಿತು ಎಂದೆ.

ದೋಷ ಅವಳ ಸ್ವರದ್ದಲ್ಲ, ನನ್ನ ಪಿಸುಮಾತಿನದು. ಎರಡರಿಂದ ನಾಲ್ಕರ ನಡುವೆ ಪರೀಕ್ಷಿಸಿ, ಅದು ಚೆನ್ನಾಗಿ ಕೇಳಲೆಂದು ಚಿಪ್ಪು ಸ್ವರವನ್ನು ನೂರು ಪಟ್ಟು ಹಿಗ್ಗಿಸುವಂತೆ ಮಾಡಿಟ್ಟಿದ್ದೆ. ಜೋರು ಸ್ವರವನ್ನು ಅಷ್ಟು ಹಿಗ್ಗಿಸಲು ಬ್ಯಾಟರಿಯ ವೋಲ್ಟೇಜಿನಲ್ಲಿ ಜಾಗವೆಲ್ಲಿದೆ? ಸ್ವರದ ಅಲೆಯ ತಲೆ ಅಲ್ಲೇ ಕತ್ತರಿಸಿ ಹೋಗುತ್ತಿತ್ತು. ಒಂದು ರೆಸಿಸ್ಟರ್ ಬದಲಿಸಿ ನೂರನ್ನು ಹತ್ತಕ್ಕಿಳಿಸಿದೆ. ಅವಳು ಗರ್ಜಿಸಿದಳು. ಕಿಟಕಿಯ ಪಾರಿವಾಳಗಳು ಎದ್ದು ಹೋದವು. ಇಬ್ಬರೂ ಅಡುಗೆಮನೆಯಲ್ಲಿ ಕುಣಿದೆವು.

ಭಾನುವಾರ ಠಾಣೆಯಲ್ಲಿ ಅಸುರ ಬಾಯಿ ತೆರೆದಾಗ ಮುಂದಿನ ಸಾಲು ನೆಟ್ಟಗಾಯಿತು. ಸ್ವರ ಹೆಚ್ಚಾಯಿತೇನೋ ಎಂದು ವಾಲ್ಯೂಮ್ ಇಳಿಸಿದೆ. ಇನ್ನೂ ಇಳಿಸಿದೆ. ಕೊನೆಗೆ ಸೊನ್ನೆಗೆ ತಂದರೂ ಹಿಂದಿನ ಗೋಡೆಯವರೆಗೆ ಅವಳದೇ ಸ್ವರ. ಇಪ್ಪತ್ತೆಂಟು ವರ್ಷ ಇದು ನಮ್ಮ ಫ್ಲ್ಯಾಟಿನಲ್ಲಿ ಎಲ್ಲಿತ್ತು? ಹೆಮ್ಮೆಗೂ ನಾಚಿಕೆಗೂ ನನ್ನ ಕಣ್ಣು ತುಂಬಿತು.

ಮುಗಿದ ಮೇಲೆ ಹಿರಿಯರು ಅವಳಿಗೆ, ಮುಂದಿನ ಕೂಟದ ಅಸುರನ ಪಾತ್ರವೂ ನಿಮ್ಮದೇ ಎಂದರು. ವಾಪಸು ಬರುವಾಗ ಲೋಕಲ್‌ನಲ್ಲಿ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಟ್ಟಿದಳು.

"ಇದಿಲ್ಲದಿದ್ರೆ ನನ್ನ ಸ್ವರ ಯಾರಿಗೆ ಕೇಳ್ತಿತ್ತು, ಹೇಳಿ?"

"ಅದು ಬಂದ್ ಇತ್ತು, ಮಾರಾಯ್ತಿ. ನಾನೇ ಸೊನ್ನೆಗೆ ಇಳಿಸಿದ್ದೆ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಅಸುರನ ಸ್ವರದಲ್ಲೇ ನಕ್ಕಳು. ಬೋಗಿಯವರೆಲ್ಲ ತಿರುಗಿ ನೋಡಿದರೂ ಡೊಂಬಿವಲಿ ಬರುವವರೆಗೆ ನಿಲ್ಲಿಸಲಿಲ್ಲ.