ಎಲೆ ಉದುರಿಸಿದ ಹೊನ್ನೆ ಸಸಿಗಳು

ಆಗೆಲ್ಲ ಬೇಸಿಗೆ ರಜೆ ಬಂದರೆ ನರಸಿಂಹರಾಜಪುರದ ನಮ್ಮ ಬೀದಿಯ ಮಕ್ಕಳು ಅಜ್ಜಿಮನೆ ಕಡೆ ಹೊರಡುತ್ತಿದ್ದರು. ನಾನು ಅಮ್ಮನ ಸೆರಗು ಹಿಡಿದು ಅವಳು ಕೂಲಿಗೆ ಹೋಗುವ ನರ್ಸರಿಗೆ ಹೊರಡುತ್ತಿದ್ದೆ. ಕಾಡಿನಲ್ಲಿ ನೆಡುವ ಸಸಿಗಳನ್ನು ಅಲ್ಲಿ ಬೆಳೆಸುತ್ತಿದ್ದರು. ಒದ್ದೆ ಗೋಣಿಯ ವಾಸನೆ, ಹಳೇ ಸಗಣಿ ಗೊಬ್ಬರದ ವಾಸನೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ. ಅಲ್ಲಿಯ ನೆಲದಲ್ಲಿ ನಾನೊಬ್ಬಳೇ ಕುಂಟೆಬಿಲ್ಲೆ ಆಡಿ, ನನಗೆ ನಾನೇ ಮೋಸ ಮಾಡಿಕೊಂಡು ಗೆಲ್ಲುತ್ತಿದ್ದೆ.

ಅಮ್ಮನ ಪಾಲಿನ ಪಾತಿಯ ಪಕ್ಕದ್ದು ಜೈನಬಕ್ಕನ ಪಾತಿ. ಹತ್ತಾರು ವರ್ಷ ಸಸಿ ನೋಡಿಕೊಂಡ ಹೆಂಗಸು. ಹೊಸಬರಿಗೆ ಕೆಲಸ ಹೇಳಿಕೊಡುವುದು ಅವರೇ. ಅರಣ್ಯ ಇಲಾಖೆಯ ಸಾಹೇಬರು ಕೂಡ ಸಂಶಯ ಬಂದರೆ ಅವರನ್ನೇ ಕೇಳುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ಒಂದು ವರ್ಷ ಮಳೆ ಬಹಳ ತಡಮಾಡಿತು. ಭದ್ರೆಯ ಹಿನ್ನೀರು ಎಲ್ಲೋ ದೂರಕ್ಕೆ ಸರಿದಿತ್ತು. ನರ್ಸರಿಯ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ನೆರಳಿಗೆ ಹಾಕಿದ್ದ ಸೊಪ್ಪಿನ ಚಪ್ಪರ ಒಣಗಿ ಉದುರಿತ್ತು. ಸಸಿಗಳಿಗೆ ಸಂಜೆ ಒಂದೇ ಹೊತ್ತು ನೀರು. ಅಂಥ ಹೊತ್ತಿನಲ್ಲೇ ಅಮ್ಮನಿಗೆ ಜ್ವರ ಬಂತು. ಕೆಲಸ ತಪ್ಪಿಸಿದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ. ಬದಲಿಗೆ ಮಕ್ಕಳನ್ನು ಕಳಿಸುವಂತೆಯೂ ಇಲ್ಲ. ಜೈನಬಕ್ಕ ಮನೆಗೆ ಬಂದು, ಮೂರು ದಿನ ಮಗಳನ್ನು ಕಳಿಸು, ಸಾಹೇಬರು ಬಂದರೆ ನಾನು ನೋಡಿಕೊಳ್ಳುತ್ತೇನೆ ಎಂದರು. ಅಮ್ಮನ ಕೆಲಸ ಉಳಿಸಲು ಹೊರಟವಳಂತೆ ನಾನು ಹತ್ತು ವರ್ಷಕ್ಕೇ ಗತ್ತಿನಿಂದ ಸೆರಗಿನ ಹಾಗೆ ಟವೆಲ್ ಸಿಕ್ಕಿಸಿಕೊಂಡು ಹೋದೆ.

ಎರಡನೇ ದಿನ ಅಮ್ಮನ ಪಾತಿಯ ಹೊನ್ನೆ ಸಸಿಗಳು ಎಲೆ ಉದುರಿಸಿ ಬರಿಯ ಕಡ್ಡಿಗಳಾಗಿ ನಿಂತಿದ್ದವು. ನಡುನಡುವೆ ಕೆಲವುಗಳಲ್ಲಿ ಮಾತ್ರ ಎಲೆ ಇತ್ತು, ಮುರುಟಿ ಕಂದಾಗಿದ್ದರೂ ಇತ್ತು. ಸತ್ತ ಸಸಿ ಸಾಹೇಬರ ಕಣ್ಣಿಗೆ ಬಿದ್ದರೆ ಅಮ್ಮನ ಕೆಲಸ ಹೋಯಿತು ಅಂದುಕೊಂಡೆ. ಜೈನಬಕ್ಕ ನೀರು ತರಲು ಹೋಗಿದ್ದಾಗ ಎರಡು ಸಾಲಿನ ಬೋಳು ಸಸಿಗಳನ್ನೆಲ್ಲ ಮಣ್ಣಿನ ಚೀಲದಿಂದ ಕಿತ್ತು ಬಿಸಿಲಿಗೆ ರಾಶಿ ಹಾಕಿದೆ. ಎಲೆ ಇದ್ದವನ್ನು ಜೋಪಾನವಾಗಿ ಉಳಿಸಿದೆ.

ಕೊಡ ಇಳಿಸಿದ ಜೈನಬಕ್ಕ ರಾಶಿಯನ್ನು ನೋಡಿ ಅಲ್ಲೇ ಕುಕ್ಕರಿಸಿದರು.

“ಎಂತ ಮಾಡಿದ್ಯೇ ಮಾರಾಯ್ತಿ?”

ನಾನು ಕಿತ್ತಿದ್ದ ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದರು. ಒಳಗೆ ಎಳೇ ಹಸಿರು. ನಾನು ಉಳಿಸಿದ್ದ ಎಲೆಯ ಸಸಿಯನ್ನು ಬಗ್ಗಿಸಿದರು. ಅದು ಲಟಕ್ಕನೆ ಮುರಿಯಿತು.

“ಜೀವ ಇದ್ದದ್ದು ಎಲೆ ಬಿಡ್ತದೆ ಮಗಾ, ಇರೋ ಚೂರು ನೀರು ಉಳಿಸ್ಕೊಳ್ಳಕ್ಕೆ. ಸತ್ತಿದ್ದಕ್ಕೆ ಎಲೆ ಬಿಡಕ್ಕೂ ತಾಕತ್ತಿಲ್ಲ.”

ಅಷ್ಟೇ ಹೇಳಿದ್ದು. ಬೈಯಲಿಲ್ಲ. ಇಬ್ಬರೂ ಕೂತು ಕಿತ್ತದ್ದನ್ನೆಲ್ಲ ಮತ್ತೆ ಚೀಲಕ್ಕೆ ಊರಿದೆವು. ತಮ್ಮ ಪಾತಿಯ ಪಾಲಿನ ನೀರನ್ನೂ ಜೈನಬಕ್ಕ ಅದಕ್ಕೇ ಹಾಕಿದರು. ನನ್ನ ಕಣ್ಣೀರು ಮಾತ್ರ ನಿಲ್ಲಲಿಲ್ಲ.

ಮಾರನೆಯ ದಿನ ಸಾಹೇಬರು ಬಂದೇಬಿಟ್ಟರು. ಅಮ್ಮ ನೀರು ತರಲು ಹೋಗಿದ್ದಾಳೆ ಎಂದು ಜೈನಬಕ್ಕ ಹೇಳಿದರು. ಒಂದು ಸಸಿ ಮುಟ್ಟಿದರು, ಬುಡಸಮೇತ ಕೈಗೆ ಬಂತು. ಇದನ್ನು ಕಿತ್ತವರು ಯಾರು ಎಂದು ಕೇಳಿದರು. ನಾನು ಗೊಬ್ಬರದ ಗುಡ್ಡೆಯ ಹಿಂದೆ ಅಡಗಿ ಕೂತಿದ್ದೆ.

“ನಾನೇ ಸ್ವಾಮಿ,” ಎಂದರು ಜೈನಬಕ್ಕ. “ಸತ್ತಿದೆ ಅಂತ ಕಿತ್ತೆ.”

ಹೊಸಬರೂ ಮಾಡದ ತಪ್ಪು. ಇಷ್ಟು ವರ್ಷ ಇಲ್ಲಿ ಏನು ಕಲಿತೆ ಎಂದು ಸಾಹೇಬರು ಎಲ್ಲರೆದುರು ಕೂಗಾಡಿದರು. ಆ ಬೇಸಿಗೆ ಮುಗಿಯುವವರೆಗೂ ಜೈನಬಕ್ಕನನ್ನು ಪಾತಿಯ ಹತ್ತಿರ ಬಿಡಲಿಲ್ಲ, ಗೊಬ್ಬರ ಹೊರಲು ಹಾಕಿದರು. ಅವರು ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಂಡು ಹೋದರು. ನಾನು ಬಾಯಿ ಬಿಡಲಿಲ್ಲ. ಅಮ್ಮನ ಕೆಲಸ ಉಳಿಯಿತು.

ಸಂಜೆ ದಾರಿಯಲ್ಲಿ, ನೀವು ಯಾಕೆ ಹಾಗೆ ಹೇಳಿದಿರಿ ಎಂದು ಅಳುತ್ತಾ ಕೇಳಿದೆ. ಗೊಬ್ಬರದ ಕೈ ನನಗೆ ತಾಗದ ಹಾಗೆ ಮೊಣಕೈಯಿಂದ ನನ್ನ ತಲೆ ನೇವರಿಸಿದರು.

“ನಾನು ಬಿಸಿಲು ಕಂಡವಳು. ನೀನು ಇನ್ನೂ ಎಳೇದು.”

ಮಳೆ ಬಂದ ಮೇಲೆ ಕೀಳದೆ ಉಳಿದ ಬೋಳು ಸಸಿಗಳೆಲ್ಲ ಚಿಗುರಿದವು. ನಾನು ಕಿತ್ತವುಗಳಲ್ಲಿ ಚಿಗುರಿದ್ದು ಬೆರಳೆಣಿಕೆಯಷ್ಟು. ಜೈನಬಕ್ಕ ನನ್ನನ್ನು ಕರೆದು ಸತ್ತವನ್ನು ತೋರಿಸಲಿಲ್ಲ, ಚಿಗುರಿದವನ್ನಷ್ಟೇ ತೋರಿಸಿದರು.

ಈಗ ಆ ನರ್ಸರಿ ಇಲ್ಲ. ಅಮ್ಮನೂ ಇಲ್ಲ. ಸಾಹೇಬರು ವರ್ಗವಾಗಿ ಯಾವ ಊರಿಗೆ ಹೋದರೋ ತಿಳಿಯದು. ಕಿತ್ತದ್ದು ನಾನು ಎಂದು ಹೇಳುವ ಧೈರ್ಯ ನನಗೆ ಬರುವಷ್ಟರಲ್ಲಿ ಜೈನಬಕ್ಕ ಬಾಳೆಹೊನ್ನೂರಿನ ಮಗಳ ಮನೆಯಲ್ಲಿ ತೀರಿಹೋಗಿದ್ದರು. ಸಸಿಯ ಜೀವ ಗೊತ್ತಿಲ್ಲದ ಹೆಂಗಸು ಎಂಬ ಹೆಸರು ಹೊತ್ತುಕೊಂಡೇ ಹೋದರು. ಅದು ನನ್ನ ಹೆಸರಾಗಿತ್ತು.