ಮಾಳಿಗೆಯ ಮೇಲಿನ ಮುಳ್ಳುಬೇಲಿ

ಚಿತ್ತಜ್ಜನಿಗೆ ಯಾವುದಾದರೂ ವಸ್ತು ಕಾಪಾಡಬೇಕಾದ್ದು ಅಂತ ಒಮ್ಮೆ ಅನ್ನಿಸಿತೋ, ಮುಗಿಯಿತು, ಮಾರನೆಯ ದಿನ ಅದರ ಸುತ್ತ ಮುಳ್ಳಿನ ಬೇಲಿ ಎದ್ದಿರುತ್ತಿತ್ತು. ಕುರಿ ರೊಪ್ಪಕ್ಕೆ ಬೇಲಿ ಇರುವುದು ಸರಿ. ಹುಲ್ಲಿನ ಬಣವೆಗೆ ಹಾಕಿದ್ದ, ಅದೂ ಸರಿ. ಆದರೆ ಅಂಗಳದ ನುಗ್ಗೆ ಸಸಿಗೆ, ಮರಿ ಹಾಕಿದ ನಾಯಿಗೆ, ಒಣಗಲು ಹರಡಿದ ಹುಣಸೆಹಣ್ಣಿಗೆ ಕೂಡ ಬೇಲಿ. ಒಂದು ಸಲ ನಾನು ಅವನ ಮನೆಯಲ್ಲಿ ಮುದ್ದೆ ಉಂಡು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ನನ್ನ ಸೈಕಲ್ಲಿನ ಸುತ್ತ ಬೇಲಿ ಬಂದಿತ್ತು. "ಮ್ಯಾಕೆ ಸೀಟು ಕಚ್ತವೆ ಸಾಮಿ" ಎಂದ. ಮೇಕೆಗಳು ಕಚ್ಚಲಿಲ್ಲ ನಿಜ. ಸೈಕಲ್ಲನ್ನು ಹೊರಗೆ ತೆಗೆಯುವಾಗ ನನ್ನ ಪ್ಯಾಂಟು ಮೊಣಕಾಲಿನಿಂದ ಕೆಳಕ್ಕೆ ಹರಿಯಿತು.

ನಾನು ಅಲ್ಲಿಗೆ ಹೋಗುತ್ತಿದ್ದುದು ಅವನ ಮಾಳಿಗೆಯ ಮೇಲಿದ್ದ ಸೋಲಾರ್ ಹಲಗೆ ನೋಡಿಕೊಳ್ಳಲು. ಎಂಬತ್ತರ ದಶಕದ ನಡುವಿನ ಮಾತು. ಕರೆಂಟು ಕಂಬ ಮುಟ್ಟದ ಹಳ್ಳಿಗಳಲ್ಲಿ ಪರೀಕ್ಷೆಗೆಂದು ಒಂದೊಂದು ಮನೆಗೆ ಒಂದೊಂದು ಹಲಗೆ, ಒಂದು ಬ್ಯಾಟರಿ, ಒಂದು ಟ್ಯೂಬ್‌ಲೈಟು ಕೊಟ್ಟಿದ್ದರು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಹಲಗೆಗಳಿಗೆಲ್ಲ ನಾನೊಬ್ಬನೇ ಮೆಕ್ಯಾನಿಕ್ಕು, ಅದೂ ದಿನಗೂಲಿಯ ಮೇಲೆ. ನನಗೆ ಕೊಟ್ಟಿದ್ದು ಮೂರು ದಿನದ ತರಬೇತಿ. ಅದರಲ್ಲಿ ಮೊದಲ ದಿನ ಉದ್ಘಾಟನೆಗೆ ಹೋಯಿತು, ಕೊನೆಯ ದಿನ ಸಮಾರೋಪಕ್ಕೆ ಹೋಯಿತು. ಉಳಿದ ಒಂದು ದಿನದಲ್ಲಿ ನಾನು ಕಲಿತದ್ದು ಕೆಂಪು ವೈರು ಕೆಂಪಿಗೆ, ಕಪ್ಪು ಕಪ್ಪಿಗೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಬೇಕು ಎಂಬಷ್ಟನ್ನೇ. ಬಿಸಿಲು ಒಳಗೆ ಹೋಗಿ ಕರೆಂಟು ಹೇಗಾಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಸ್ಪಾನರ್ ಹುಡುಕುವವನಂತೆ ಚೀಲಕ್ಕೆ ಕೈ ಹಾಕುತ್ತಿದ್ದೆ. ಪಾವಗಡದ ಕಡೆ ಒಬ್ಬ ಮುದುಕಿ "ಎಂಡ ತಿಂಟುಂದಾ ಇದಿ?" ಎಂದು ತೆಲುಗಿನಲ್ಲಿ ಕೇಳಿ, ಬಿಸಿಲು ತಿನ್ನುವ ದೇವರೆಂದು ಗಾಜಿನ ನಡುಮಧ್ಯಕ್ಕೆ ಕುಂಕುಮ ಇಟ್ಟಿದ್ದಳು. ಅದನ್ನು ಒರೆಸಬೇಕೋ ಬೇಡವೋ ಅಂತ ತರಬೇತಿಯಲ್ಲಿ ಹೇಳಿರಲಿಲ್ಲ.

ಚಿತ್ತಜ್ಜನ ಹಟ್ಟಿ ಹುಲಿಕುಂಟೆಯಿಂದ ಒಂದು ಗಂಟೆ ಸೈಕಲ್ಲಿನ ದಾರಿ. ಆ ಹಲಗೆ ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಸಿರಾದಲ್ಲಿ ಯಾರೋ ಬಿಸಿಲಿನ ಲೈಟು ಕೊಡುತ್ತಾರಂತೆ ಎಂದದ್ದು ಕಿವಿಗೆ ಬಿದ್ದು, ಮೂರು ಸಲ ನಡೆದುಕೊಂಡೇ ಸಿರಾಕ್ಕೆ ಹೋಗಿ, ಕಂಬಳಿ ಹೊದ್ದು ಕಚೇರಿ ಬಾಗಿಲಲ್ಲಿ ಕೂತು, ಸಾಹೇಬರಿಗೆ ಬೇಜಾರು ಬರುವಷ್ಟು ಕೂತು, ತನ್ನ ಹೆಸರು ಬರೆಸಿದ್ದ. ಕಾರಣ ಅವನ ಹೆಂಡತಿ ಕೆಂಚಜ್ಜಿ. ಅವಳು ಕಂಬಳಿ ನೇಯುವವರಿಗೆ ಉಣ್ಣೆ ನೂಲುತ್ತಿದ್ದಳು. ಹಗಲೆಲ್ಲ ಮನೆಗೆಲಸ, ಸಂಜೆ ಕೂತು ಉಣ್ಣೆಯಲ್ಲಿ ಸಿಕ್ಕಿಕೊಂಡ ಕಸ, ಮುಳ್ಳು ಹೆಕ್ಕಿ ತೆಗೆಯುವುದು. ಕಣ್ಣು ಮಂಜಾಗುತ್ತ ಬಂದು ಬುಡ್ಡಿ ದೀಪದಲ್ಲಿ ಆಗುತ್ತಿರಲಿಲ್ಲ. "ಅವ್ಳಿಗೆ ಬೆಳಕು ಸಾಲ್ದು, ಅಷ್ಟೇ ಕಣಪ್ಪ. ಬೆಳಕಿದ್ರೆ ಅವ್ಳು ಸೂಜಿಗೆ ದಾರ ಪೋಣುಸ್ತಾಳೆ" ಎನ್ನುತ್ತಿದ್ದ. ಲೈಟು ಹತ್ತಿದ ಮೊದಲ ಸಂಜೆ ನಾನೂ ಅಲ್ಲೇ ಇದ್ದೆ. ಚಿತ್ತಜ್ಜ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು "ಕಾಣ್ತೈತಾ ಕೆಂಚಿ?" ಎಂದ. "ಕಾಣ್ತೈತೆ ಕಣಯ್ಯ" ಎಂದಳು. ಆ ಮುದುಕ ನಕ್ಕದ್ದು ನೋಡಿ, ಇಂಥ ಕೆಲಸಕ್ಕೆ ದಿನಗೂಲಿ ಆದರೂ ಪರವಾಗಿಲ್ಲ ಅಂದುಕೊಂಡೆ.

ಒಂದೇ ಒಂದು ಷರತ್ತಿತ್ತು. ಯುಗಾದಿ ಕಳೆದ ಮೇಲೆ ಸಾಹೇಬರು ಬಂದು ನೋಡುತ್ತಾರೆ. ಲೈಟು ಚೆನ್ನಾಗಿ ಉರಿಯುತ್ತಿದ್ದರೆ ಹಲಗೆ ಅಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಕಿತ್ತು ಬೇರೆ ಊರಿಗೆ.

ಅಷ್ಟರಲ್ಲಿ ಗುಬ್ಬಿಗಳು ಬಂದವು. ಮಣ್ಣಿನ ಮಾಳಿಗೆಗೂ ಹಲಗೆಯ ಚೌಕಟ್ಟಿಗೂ ನಡುವೆ ಒಂದು ಗೇಣು ಸಂದಿ ಇತ್ತು. ನೆರಳು ನೆರಳಾಗಿ, ಬೆಚ್ಚಗೆ. ಗುಬ್ಬಿಗಳಿಗೆ ಅದಕ್ಕಿಂತ ಇನ್ನೇನು ಬೇಕು? ಹುಲ್ಲು, ನಾರು, ಕೆಂಚಜ್ಜಿಯ ಉಣ್ಣೆ, ಎಲ್ಲ ಹೊತ್ತು ತಂದು ತುಂಬಿದವು. ಗಾಜಿನ ಮೇಲೆ ಹಿಕ್ಕೆ, ಸುತ್ತಲೂ ಪುಕ್ಕ. ಲೈಟು ಮಂಕಾಯಿತು. ನಾನು ಒಂದು ಸಲ ಎಲ್ಲ ಎಳೆದು ಹಾಕಿದೆ, ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಏನು ಮಾಡಲಿ ಅಂತ ಕಚೇರಿಗೆ ಬರೆದರೆ ಉತ್ತರವಿಲ್ಲ. ಮಾಳಿಗೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. "ನೋಡಜ್ಜ, ಎಷ್ಟು ಪುಕ್ಕ, ಎಷ್ಟು ಗಲೀಜು. ಹಿಂಗಾದ್ರೆ ಇದನ್ನ ಉಳಿಸಿಕೊಳ್ಳೋದು ಕಷ್ಟ" ಎಂದೆ. ಚಿತ್ತಜ್ಜ ಒಂದು ಪುಕ್ಕ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. "ಬುಡು ಸಾಮಿ, ನಾನು ನೋಡ್ಕಂತೀನಿ" ಎಂದ.

ಮುಂದಿನ ಸಲ ಹೋದಾಗ ಹಲಗೆಯ ಸುತ್ತ ಬೇಲಿ. ಆ ಬೇಲಿಯನ್ನು ಹೊಗಳದೆ ಇರಲಾರೆ. ಕಾರೆಮುಳ್ಳು, ಜಾಲಿಮುಳ್ಳು ಕಡಿದು ತಂದು, ಒಂದೊಂದು ಕೊಂಬೆಯನ್ನೂ ಬುಡ ಒಳಕ್ಕೆ, ತುದಿ ಹೊರಕ್ಕೆ ಇಟ್ಟು, ಕಾಲಲ್ಲಿ ತುಳಿದು ಅದುಮಿ, ಮೇಲೆ ಕಲ್ಲು ಹೇರಿ, ಸೊಂಟದೆತ್ತರಕ್ಕೆ ಕಟ್ಟಿದ್ದ. ಮುಷ್ಟಿ ತೂರುವಷ್ಟೂ ಸಂದಿಯಿಲ್ಲ. "ತ್ವಾಳ ಬಂದ್ರೂ ಮೂತಿ ಇಕ್ಕಾಕಾಗಲ್ಲ" ಎಂದ. ಮಾಳಿಗೆಯ ಮೇಲೆ ತೋಳ ಯಾಕೆ ಬರುತ್ತದೆ ಅಂತ ನಾನಾದರೂ ಕೇಳಬೇಕಿತ್ತು. ಕೇಳಲಿಲ್ಲ. ಮುಳ್ಳು ಕಂಡರೆ ಹಕ್ಕಿ ಕೂರುವುದಿಲ್ಲ ಅಂತ ನನ್ನ ಪೆದ್ದುತಲೆಗೆ ಹೊಳೆದದ್ದು. "ಹಕ್ಕಿಗಳ ತಡೆಗೆ ಸ್ಥಳೀಯ ವಸ್ತುಗಳಿಂದ ಬೇಲಿ ನಿರ್ಮಿಸಲಾಗಿದೆ" ಎಂದು ವರದಿಯಲ್ಲಿ ಬರೆದು ಕಳಿಸಿದೆ.

ಒಂದೂವರೆ ತಿಂಗಳು ಬೇರೆ ತಾಲ್ಲೂಕುಗಳಲ್ಲಿ ಸುತ್ತಿ ಮತ್ತೆ ಹೋದೆ. ಏಣಿ ಹತ್ತುವಾಗಲೇ ಮೇಲಿಂದ ಗದ್ದಲ ಕೇಳಿಸಿತು. ಹಲಗೆಯ ಕೆಳಗೆ ಗುಬ್ಬಿ ಇದ್ದವು, ಸರಿ. ಈಗ ಬೇಲಿಯ ಒಳಗೂ ಗೂಡುಗಳು. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಬೂದು ಹಕ್ಕಿಗಳು, ಅವಕ್ಕೆ ಹಟ್ಟಿಯವರು ಒಂದು ಹೆಸರು ಹೇಳಿದರು, ಮರೆತಿದ್ದೇನೆ, ಪ್ರತಿ ಕವಲಿನಲ್ಲೂ ಹುಲ್ಲಿನ ಉಂಡೆ ಕಟ್ಟಿದ್ದವು. ಎಣಿಸಲು ಹೋಗಿ ಕೈಬಿಟ್ಟೆ. ಸಾಲದ್ದಕ್ಕೆ ಮುಳ್ಳಿನ ನೆರಳು ಗಾಜಿನ ಮೇಲೆ ಬೆಳಿಗ್ಗೆ ಒಂದು ಕಡೆಯಿಂದ, ಸಂಜೆ ಇನ್ನೊಂದು ಕಡೆಯಿಂದ ಬೀಳುತ್ತಿತ್ತು. ಸಾಹೇಬರು ಬರಲು ಎಂಟು ದಿನ ಉಳಿದಿತ್ತು.

"ಏನಜ್ಜ ಇದು? ಬೇಲಿ ಹಾಕಿದ್ದು ಹಕ್ಕಿ ಬರದೇ ಇರ್ಲಿ ಅಂತ ಅಲ್ವಾ?"

ಚಿತ್ತಜ್ಜ ಮಂಕುಬಡಿದವನನ್ನು ನೋಡುವಂತೆ ನನ್ನನ್ನು ನೋಡಿದ. "ಬರದಂಗೆ ಬೇಲಿನಾ? ಬೇಲಿ ಹಾಕಾದು ಒಳಗಿರಾವ್ನ ಕಾಯಾಕೆ ಕಣಪ್ಪ. ಪುಕ್ಕ ಬಿದ್ದವೆ ಅಂತ ನೀನೇ ಅಂದಲ್ಲ. ಬೆಕ್ಕು ಮ್ಯಾಲತ್ತಿ ಮರಿ ತಿಂತಿತ್ತು. ಅದ್ಕೇ ಪುಕ್ಕ. ಈಗ ನೋಡು, ಒಂದು ಪುಕ್ಕ ಐತಾ?"

ನೋಡಿದೆ. ಒಂದೂ ಇರಲಿಲ್ಲ. ಬೆಕ್ಕು ಬೇಲಿಯಾಚೆ ಮೂತಿ ನೆಕ್ಕಿಕೊಳ್ಳುತ್ತ ಕೂತಿತ್ತು. ಅವನ ಅಪ್ಪ, ಅವನ ತಾತ, ಯಾರೂ ಒಳಗಿರುವುದನ್ನು ಓಡಿಸಲು ಬೇಲಿ ಕಟ್ಟಿದವರಲ್ಲ. ತಪ್ಪು ಅವನದೋ ನನ್ನದೋ ಅಂತ ನನಗೆ ಆಗಲೂ ತಿಳಿಯಲಿಲ್ಲ. ಸಿಟ್ಟು ಮಾತ್ರ ಬಂತು. "ಇದನ್ನ ಕೀಳ್ದೆ ಇದ್ರೆ ಹಲಗೆ ಹೋಗುತ್ತಜ್ಜ. ಅಜ್ಜಿಗೆ ಲೈಟಿರಲ್ಲ" ಎಂದೆ. ಹಲಗೆ ಹೋಗುತ್ತದೆ ಎಂದಾಕ್ಷಣ ಅವನ ಮುಖ ಬಾಡಿತು. ಗೂಡುಗಳನ್ನು ಒಮ್ಮೆ ನೋಡಿದ, ಕೆಳಗಿನ ಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯನ್ನು ಒಮ್ಮೆ ನೋಡಿದ. "ಆಯ್ತು ಬುಡು. ನಾಳೆ ಕಿತ್ತಾಕ್ತೀನಿ" ಎಂದ.

ನಾಳೆಯವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ನಾನೇ ಒಂದು ಕೊಂಬೆಗೆ ಕೈ ಹಾಕಿ ಎಳೆದೆ. ಅಂಗೈಗೆ ಮುಳ್ಳು ನೆಟ್ಟು ಒಳಗೇ ಮುರಿಯಿತು. ಉರಿ ಅಂದರೆ ಉರಿ. ಕೆಳಗಿಳಿದು ಬಂದೆ. ಹೊತ್ತು ಮುಳುಗುತ್ತಿತ್ತು, ಟ್ಯೂಬ್‌ಲೈಟು ಮಿಣುಕುತ್ತಿತ್ತು, ಅದರಡಿ ಕೆಂಚಜ್ಜಿ ಉಣ್ಣೆ ಹೆಕ್ಕುತ್ತ ಕೂತಿದ್ದಳು.

"ಬಾ ಮಗ, ತತ್ತಾ ಕೈಯ" ಎಂದಳು. ನನ್ನ ಅಂಗೈ ತೊಡೆಯ ಮೇಲಿಟ್ಟುಕೊಂಡು ಒಮ್ಮೆ ಸವರಿ, ಸೂಜಿ ತಗೊಂಡು, ನಾನು ಹಲ್ಲು ಕಚ್ಚುವಷ್ಟರಲ್ಲಿ ಮುಳ್ಳು ಕಿತ್ತಳು. ಮುರಿದ ಆ ಮುಳ್ಳು ನನ್ನ ಎಳೆಗಣ್ಣಿಗೇ ಕಂಡಿರಲಿಲ್ಲ. ನನಗೆ ಹುರುಪು ಬಂತು. "ನೋಡಜ್ಜ, ಮಂಕು ಲೈಟಲ್ಲೇ ಇಷ್ಟು ಕಾಣುತ್ತೆ ಅಜ್ಜಿಗೆ. ಬೇಲಿ ಕಿತ್ರೆ ಇನ್ನೆಷ್ಟು ಕಾಣಬೇಡ?" ಎಂದೆ.

ಚಿತ್ತಜ್ಜ ಬಾಗಿಲ ಕಂಬ ಹಿಡಿದು ಕೆಂಚಜ್ಜಿಯ ಮುಖವನ್ನೇ ನೋಡುತ್ತ ನಿಂತಿದ್ದ. ಬೆಳಕಿಂಡಿಯಿಂದ ಹಕ್ಕಿಗಳ ಚಿಲಿಪಿಲಿ ಬೀಳುತ್ತಿತ್ತು, ಗೂಡು ಸೇರುವ ಹೊತ್ತು. ಆಮೇಲೆ ಅವನು ಮಾಳಿಗೆ ಹತ್ತಿ ಹೋದ, ಇಳಿದು ಬಂದು ಹೇಳಿದ: "ಮರಿ ಅವೆ ಸಾಮಿ. ಈದ ಕುರಿ ಇರಾ ರೊಪ್ಪ ಕೀಳಾಕಿಲ್ಲ. ಬೇಲಿ ಇರ್ಲಿ."

"ಈಗ ತಾನೇ ಕೀಳ್ತೀನಿ ಅಂದ್ರಲ್ಲ?"

"ಅಂದಿದ್ದೆ. ಈಗ ಬ್ಯಾಡ ಅಂತೀನಿ."

ಎಷ್ಟು ಹೇಳಿದರೂ ಅಷ್ಟೇ. ಕೆಂಚಜ್ಜಿಯನ್ನಾದರೂ ನನ್ನ ಕಡೆ ಎಳೆಯೋಣವೆಂದು "ನೀವಾದ್ರೂ ಹೇಳಿ ಅಜ್ಜಿ, ಲೈಟು ನಿಮ್ಗೆ ತಾನೆ" ಎಂದೆ. ಅವಳು ಉಣ್ಣೆಯಿಂದ ಕಸವೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟು, "ಅವ್ನ ಬೇಲಿ, ಅವ್ನಿಷ್ಟ ಮಗ" ಎಂದಳು. ಮೂರು ಸಲ ಸಿರಾಕ್ಕೆ ನಡೆದ ಮನುಷ್ಯನಿಗೆ ಅರ್ಧ ಗಂಟೆಯಲ್ಲಿ ಏನಾಯಿತು? ಹೆಂಡತಿಯ ಕಣ್ಣಿಗಿಂತ ಗುಬ್ಬಿ ಮರಿ ಹೆಚ್ಚಾಯಿತೇ? ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತ ಬೈದುಕೊಂಡೇ ಬಂದೆ.

ಸಾಹೇಬರು ಬಂದರು, ಏಣಿಯ ಮೇಲಿನ ಮೆಟ್ಟಿಲಲ್ಲೇ ನಿಂತು ನೋಡಿದರು, ಇಳಿದರು. ಹಲಗೆ ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಒಂದು ಊರಿಗೆ ಹೋಗಬೇಕೆಂದು ಆಜ್ಞೆಯಾಯಿತು. ಬಿಚ್ಚಲು ಹೋದವನೂ ನಾನೇ. ಚಿತ್ತಜ್ಜ ಬೇಲಿಯಲ್ಲಿ ಹಲಗೆಯ ಅಗಲಕ್ಕೆ ಸರಿಯಾಗಿ ಒಂದು ದಾರಿ ಬಿಡಿಸಿದ. ಇಬ್ಬರೂ ಸೇರಿ ಹಲಗೆ ಎತ್ತಿದೆವು. ಅದರಡಿ ಇದ್ದ ಗೂಡುಗಳನ್ನು ಅವನು ಬೊಗಸೆಯಲ್ಲಿ ಎತ್ತಿ ಬೇಲಿಯ ಬುಡದಲ್ಲಿ ಕೂರಿಸಿದ, ಬಿಡಿಸಿದ ದಾರಿಗೆ ಮತ್ತೆ ಮುಳ್ಳು ತುಂಬಿದ. ನಾನು ಮಾತು ಬಿಟ್ಟಿದ್ದೆ. ಹೊರಡುವಾಗ ಅವನೇ ಹೆಗಲು ಮುಟ್ಟಿ, "ಮನ್ಸಿಗೆ ಹಚ್ಕಬ್ಯಾಡಪ್ಪ. ನೀನು ನಿನ್ನ ಕೆಲ್ಸ ಚೆಂದಾಗಿ ಮಾಡ್ದೆ" ಎಂದ. ನಾನು ತಿರುಗಿ ನೋಡದೆ ಹೊರಟೆ. ಅದೇ ಕೊನೆಯ ಭೇಟಿ ಎಂದು ತಿಳಿದಿದ್ದರೆ ಒಂದು ಮಾತಾದರೂ ಆಡುತ್ತಿದ್ದೆ. ಆ ಪಶ್ಚಾತ್ತಾಪ ಈಗಲೂ ಇದೆ.

ಮೂರು ವರ್ಷ ಕಳೆದ ಮೇಲೆ, ಆ ಕೆಲಸ ಬಿಟ್ಟು ಮಧುಗಿರಿಯಲ್ಲಿ ಪಂಪ್‌ಸೆಟ್ ರಿಪೇರಿಗೆ ಸೇರಿದ್ದಾಗ, ಹುಲಿಕುಂಟೆಯಲ್ಲಿ ಒಂದು ಮೋಟಾರು ಬಿಚ್ಚಲು ಹೋಗಿದ್ದೆ. ಸಿಟ್ಟು ಆರಿತ್ತು. ಹಟ್ಟಿಯ ಕಡೆ ಸೈಕಲ್ ತಿರುಗಿಸಿದೆ. ಜಗಲಿಯ ಮೇಲೆ ಕೆಂಚಜ್ಜಿ ಒಬ್ಬಳೇ ಉಣ್ಣೆ ಹೆಕ್ಕುತ್ತ ಕೂತಿದ್ದಳು. ಸೈಕಲ್ಲಿನ ಸದ್ದಿಗೇ "ಯಾರು, ಸೋಲಾರ್ ಸಾಮಿನಾ?" ಎಂದಳು.

ಚಿತ್ತಜ್ಜ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಮೂರು ದಿನದ ಜ್ವರ ಅಷ್ಟೇ ಅಂದಳು. ನಾನು ತಲೆ ಎತ್ತಿದೆ. ಮಾಳಿಗೆಯ ಮೇಲೆ ಬೇಲಿ ಹಾಗೇ ನಿಂತಿತ್ತು.

"ಅದ್ಯಾಕೆ ಇನ್ನೂ ಇದೆ ಅಜ್ಜಿ?"

"ವರ್ಷಾ ವರ್ಷಾ ಹೊಸ ಮುಳ್ಳು ತಂದು ಕಟ್ತಿದ್ದ. ಹಲಗೆ ಇಲ್ದಿದ್ರೂ ಕಟ್ತಿದ್ದ. ಈ ವರ್ಷ ಕಟ್ಟಾರಿಲ್ಲ, ಹಕ್ಕಿ ಸದ್ದೇ ಕಮ್ಮಿ ಆಗೈತೆ ನೋಡು, ಒಳಗೆ ಕುಂತ್ರೆ ಬಿಕೋ ಅಂತೈತೆ."

ನಾನು ಏಣಿ ಹತ್ತಿದೆ. ಚೌಕಾಕಾರದ ಬೇಲಿಯೊಳಗೆ ಬರೀ ಮಣ್ಣು, ಬೋಲ್ಟು ಕಿತ್ತ ನಾಲ್ಕು ತೂತು. ಒಂದು ಮಗ್ಗುಲು ಕುಸಿದಿತ್ತು, ಬೆಕ್ಕು ಅಲ್ಲಿಂದಲೇ ದಾರಿ ಮಾಡಿಕೊಂಡಿತ್ತು. ಎರಡು ಪುಕ್ಕ ಬಿದ್ದಿದ್ದವು. ಹಿತ್ತಲಿನ ಕಾರೆಯ ನಾಲ್ಕು ಕೊಂಬೆ ಕಡಿದು ಮೇಲೆ ಎಳೆದುಕೊಂಡು, ಬುಡ ಒಳಕ್ಕೆ, ತುದಿ ಹೊರಕ್ಕೆ ಇಟ್ಟು, ತುಳಿದು, ಕಲ್ಲು ಹೇರಿದೆ. ಅವನ ಕೈಯ ಬೇಲಿಯಂತೆ ಆಗಲಿಲ್ಲ. ಅಂಗೈಗೆ ಮುಳ್ಳು ಮಾತ್ರ ಸರಿಯಾಗಿ ನೆಟ್ಟಿತು.

ಕೆಳಗಿಳಿದು ಅವಳ ಮುಂದೆ ಕೂತೆ. "ತತ್ತಾ ಕೈಯ" ಎಂದಳು. ಅಂಗೈ ಸವರಿದಳು, ಸೂಜಿ ತಗೊಂಡಳು. ಈ ಸಲ ನಾನು ಅವಳ ಕಣ್ಣು ನೋಡಿದೆ. ಅವು ನುಗ್ಗೆ ಮರದ ಕಡೆ ಎಲ್ಲೋ ನೆಟ್ಟಿದ್ದವು, ಅಲುಗಲಿಲ್ಲ. ಮುಳ್ಳು ಬಂತು.

"ಯಾವಾಗಿಂದ ಅಜ್ಜಿ?"

"ನೀವು ಹಲಗೆ ತರಾಕಿಂತ ಮುಂಚ್ಲೇ ಹೋಗಿತ್ತು ಮಗ. ಮೂರು ಸಲ ನಡ್ದು ತಂದಿದ್ದ, ಕಾಣ್ತೈತಾ ಅಂದ. ಕಾಣಲ್ಲ ಅಂತ ಎಂಗೆ ಅನ್ಲಿ?"

"ಅಜ್ಜನಿಗೆ ಗೊತ್ತಿತ್ತಾ?"

"ಅವ್ನು ಯೋಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಟ್ಯೂಬ್‌ಲೈಟಿನಡಿ ಅವಳು ಮೊದಲ ಸಲ ಮುಳ್ಳು ಕಿತ್ತ ಆ ಸಂಜೆ ನಾನು ನನ್ನ ಅಂಗೈ ನೋಡುತ್ತಿದ್ದೆ. ಚಿತ್ತಜ್ಜ ಅವಳ ಮುಖ ನೋಡುತ್ತಿದ್ದ.