‘ಬಿಡು’ ಎಂಬ ಮಾತಿಗೆ ನಾನು ಕೊಟ್ಟ ಅರ್ಥ

ಇದನ್ನು ಬರೆಯಬೇಕೆಂದು ಕೂತು, ಬೇರೆ ಏನನ್ನೋ ಬರೆದು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಗಲ್ಫಿನ ದಿನಗಳ ಬಗ್ಗೆ ಬರೆದೆ, ಡೀಸೆಲ್ ಎಂಜಿನ್ ಬಗ್ಗೆ ಬರೆದೆ, ಇಲ್ಲಿ ಪರ್ತಿನ ಮೋರ್ಲಿಯಲ್ಲಿ ನಮ್ಮ ಮನೆಯ ಹಿಂದೆ ಹಬ್ಬಿದ ಬಸಳೆಯ ಬಗ್ಗೆ ಕೂಡ ಎರಡು ಪುಟ ಬರೆದೆ. ಜಿಂಕೆಯ ವಿಷಯಕ್ಕೆ ಬಂದಾಗ ಮಾತ್ರ ಎದ್ದು ಹೋಗಿ ಚಹಾ ಕಾಯಿಸಬೇಕೆನಿಸುತ್ತಿತ್ತು. ಹದಿನೆಂಟು ವರ್ಷ ಹಾಗೇ ಹೋಯಿತು. ನನಗೀಗ ಎಪ್ಪತ್ತಮೂರು. ಹೈಸ್ಕೂಲಿಗೇ ಓದು ನಿಲ್ಲಿಸಿದವನು, ಚಂದ ಮಾಡಿ ಹೇಳಲು ಬರುವುದಿಲ್ಲ. ಇದು ಚಂದ ಮಾಡಿ ಹೇಳುವ ವಿಷಯವೂ ಅಲ್ಲ.

ಆಗ ನಾವು ಅಡಿಲೇಡಿನಲ್ಲಿದ್ದೆವು. ಟ್ರಕ್ ರಿಪೇರಿ ಮಾಡುವ ಗ್ಯಾರೇಜಿನಲ್ಲಿ ನಾನು ಮೆಕ್ಯಾನಿಕ್. ನಾನು ಕರಾವಳಿಯವನಾದರೂ ಹೆಂಡತಿ ಮೈಸೂರಿನವಳು, ಹಾಗಾಗಿ ಮನೆಯಲ್ಲಿ ಕನ್ನಡ. ಒಬ್ಬಳೇ ಮಗಳು, ಹದಿನಾರು ವರ್ಷದವಳು. ಕನ್ನಡದಲ್ಲಿ ಕೇಳಿದ್ದಕ್ಕೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು, ಆದರೆ ಒಂದು ಮಾತೂ ಅವಳ ಕಿವಿ ತಪ್ಪುತ್ತಿರಲಿಲ್ಲ. ನಾನೂ ಅವಳಮ್ಮನೂ ಪಿಸುದನಿಯಲ್ಲಿ ಜಗಳವಾಡಿದರೆ ಯಾರದು ತಪ್ಪು ಎಂದು ಪಕ್ಕದ ಕೋಣೆಯಿಂದ ತೀರ್ಪು ಬರುತ್ತಿತ್ತು.

ಗ್ಯಾರೇಜಿನವರು ಜಿಂಕೆ ಬೇಟೆಗೆ ಹೋಗುತ್ತಿದ್ದರು. ಅಲ್ಲಿ ಜಿಂಕೆ ಎಂದರೆ ಹುಲ್ಲು ತಿಂದು ಬೇಲಿ ಮುರಿಯುವ ಪಿಡುಗು. ಹೊಡೆದರೆ ರೈತರು ಥ್ಯಾಂಕ್ಸ್ ಹೇಳುತ್ತಾರೆ. ಸೋಮವಾರ ಬೆಳಿಗ್ಗೆ ಎಲ್ಲರೂ ಫೋಟೋ ತೋರಿಸುವಾಗ ನಾನೂ ಒಮ್ಮೆ ಕೊಚ್ಚಿಕೊಂಡೆ, ಊರಲ್ಲಿ ನನ್ನಪ್ಪ ದೊಡ್ಡ ಬೇಟೆಗಾರ, ಕಾಡುಹಂದಿ ಹೊಡೆಯುತ್ತಿದ್ದ ಎಂದು. ನಿಜವೆಂದರೆ ಅಪ್ಪ ಕೋವಿ ಇದ್ದವರ ಹಿಂದೆ ಗೋಣಿಚೀಲ ಹಿಡಿದು ಹೋಗುತ್ತಿದ್ದವನು. ಅಂದಿನಿಂದ ಅವರು ನನ್ನನ್ನು ಬಿಡಲಿಲ್ಲ. "ಜಿಂಕೆ ಕರ್ರಿ ಮಾಡೋದಕ್ಕೆ ಮುಂಚೆ ಹೊಡೀಬೇಕಲ್ಲ ಮೇಟ್, ಯಾವಾಗ?" ಎಂದು ದಿನಕ್ಕೊಮ್ಮೆ ಕೆಣಕುವರು.

ನನ್ನ ಕೈ ನಡುಗುತ್ತದೆಂದು ನನಗೆ ಗೊತ್ತಿತ್ತು. ಮಗಳ ಕೈ ನಡುಗುತ್ತಿರಲಿಲ್ಲ. ಗೆಳತಿಯ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಕಲಿತಿದ್ದಳು, ಕಾಗದದ ಗುರಿಗೆ ಹೊಡೆಯುವುದರಲ್ಲಿ ಅವಳಿಗೆ ಖುಷಿಯಿತ್ತು. ನಾನು ಲೈಸೆನ್ಸ್ ಮಾಡಿಸಿದೆ, ಅವಳಿಗೆ ಬೇಕಾದ ಪರವಾನಗಿಯನ್ನೂ ಮಾಡಿಸಿದೆ. ಕಾಗದಪತ್ರ ಎಲ್ಲ ಸರಿಯಾಗಿಯೇ ಇತ್ತು. ಮಗಳು ಹೊಡೆದ ಜಿಂಕೆ ಎಂದರೆ ಗ್ಯಾರೇಜಿನಲ್ಲಿ ಎಲ್ಲರ ಬಾಯಿ ಮುಚ್ಚುತ್ತದೆ ಎಂಬುದು ನನ್ನ ಲೆಕ್ಕಾಚಾರ.

ನಗರದಿಂದ ಎರಡು ಗಂಟೆ ದೂರದಲ್ಲಿ ಒಬ್ಬ ಮುದುಕಿಯ ಕುರಿ ಫಾರ್ಮ್ ಇತ್ತು. ಅವಳ ಪಂಪನ್ನು ನಾನು ರಿಪೇರಿ ಮಾಡಿಕೊಟ್ಟಿದ್ದೆ, ಅದರ ದಾಕ್ಷಿಣ್ಯಕ್ಕೆ ಬರಲು ಹೇಳಿದ್ದಳು. ದಾರಿಯಲ್ಲಿ ಸರ್ವೋದಲ್ಲಿ, ಅಂದರೆ ಅಲ್ಲಿಯ ಪೆಟ್ರೋಲ್ ಬಂಕಿನಲ್ಲಿ, ಪೆಟ್ರೋಲ್ ಹಾಕಿಸಿ ಕೂತಾಗ ಮಗಳು ತಾನು ಹೊಡೆಯಲೇಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸುಮ್ಮನೆ ನೋಡಿಕೊಂಡು ಬರಬಹುದಲ್ಲ ಎಂದಳು. ಗ್ಯಾರೇಜಿನವರಿಗೆ ಹೇಳಿಬಿಟ್ಟಿದ್ದೀನಿ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಮುದುಕಿಯದು ಒಂದೇ ನಿಯಮ. ಜಿಂಕೆ ಅಡ್ಡಲಾಗಿ ನಿಂತಿದ್ದರೆ ಮಾತ್ರ ಹೊಡೆಯಬೇಕು, ಆಗ ಗುಂಡು ನೇರ ಎದೆಗೆ ಬಿದ್ದು ಅದು ನಿಂತಲ್ಲೇ ಸಾಯುತ್ತದೆ. ಬೇರೆ ಹೇಗೆ ನಿಂತರೂ ಹೊಡೆಯಕೂಡದು. ಇದನ್ನು ಮಗಳ ಕಣ್ಣು ನೋಡಿ ಎರಡು ಸಲ ಹೇಳಿದಳು, ಮಗಳು ಎರಡು ಸಲ ತಲೆಯಾಡಿಸಿದಳು.

ಬಿದ್ದ ಮರವೊಂದರ ಹಿಂದೆ ಮಲಗಿದೆವು. ಕೋವಿ ಮಗಳ ಹೆಗಲಲ್ಲಿ, ಪಕ್ಕದಲ್ಲಿ ನಾನು, ಹತ್ತು ಹೆಜ್ಜೆ ಹಿಂದೆ ಬೈನಾಕ್ಯುಲರ್ ಹಿಡಿದ ಮುದುಕಿ. ಏಳು ಗಂಟೆಯ ಬಿಸಿಲು. ಒಂದು ಹೆಣ್ಣು ಜಿಂಕೆ ಬಂತು. ನಮಗೆ ಬೆನ್ನು ಹಾಕಿ, ಹುಲ್ಲು ಕಚ್ಚುತ್ತಾ, ಬೇಲಿಯ ಕಡೆಗೆ ನಿಧಾನಕ್ಕೆ ನಡೆಯುತ್ತಿತ್ತು. ಹಿಂದಿರುಗಿ ನೋಡಿದರೆ ಮುದುಕಿ ಅಂಗೈ ಎತ್ತಿದ್ದಳು, ಕಾಯಿರಿ ಎಂದು. ಕಾದೆವು. ಜಿಂಕೆ ತಿರುಗಲಿಲ್ಲ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಬೇಲಿ, ಬೇಲಿ ಹಾರಿದರೆ ಪಕ್ಕದವರ ಜಮೀನು. ನನ್ನ ತಲೆಯಲ್ಲಿದ್ದದ್ದು ಸೋಮವಾರ ಒಂದೇ.

"ಬಿಡು," ಎಂದೆ ಮಗಳ ಕಿವಿಯಲ್ಲಿ.

ನಮ್ಮೂರಲ್ಲಿ ಕೋವಿ ಹಿಡಿದವನಿಗೆ ‘ಬಿಡು’ ಎಂದರೆ ಈಡು ಬಿಡು, ಗುಂಡು ಹಾರಿಸು ಎಂದೇ ಅರ್ಥ. ನಮ್ಮ ಮನೆಯಲ್ಲಿ, ಅವಳಮ್ಮನ ಬಾಯಲ್ಲಿ, ‘ಬಿಡು’ ಎಂದರೆ ಹೋಗಲಿ ಬಿಡು, ಅದರ ಗೊಡವೆ ಬೇಡ ಎಂದು. ಮಗಳು ಕೇಳಿ ಬೆಳೆದದ್ದು ಎರಡನೆಯದನ್ನು. ಅವಳು ಉಸಿರು ಬಿಟ್ಟು, ಕೆನ್ನೆಯನ್ನು ಕೋವಿಯಿಂದ ತೆಗೆದಳು. ಅವಳ ಮುಖ ಹಗುರಾದದ್ದು ನಾನು ನೋಡಿದೆ. ಹೊಡೆಯುವುದು ಬೇಡ ಎಂದು ಅಪ್ಪ ಹೇಳಿದ ಎಂದುಕೊಂಡಿದ್ದಳು. ನಾನು ಬೆರಳಿನಿಂದ ಅವಳ ಹೆಗಲನ್ನು ಗಟ್ಟಿಯಾಗಿ ತಿವಿದೆ. "ಬಿಡು ಅಂದ್ನಲ್ಲ." ಇನ್ನೊಂದು ಸಲ ತಿವಿದೆ. ಅವಳಿಗೆ ಅರ್ಥವಾಯಿತು. ಹೊಡೆದಳು.

ಜಿಂಕೆ ಬೀಳಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಹಿಂದಿನ ಕಾಲು ಎಳೆಯುತ್ತಾ ಬೇಲಿ ಬಿಟ್ಟು ಕೆಳಗಿನ ಒಣ ತೊರೆಯ ಕಡೆ ಹೋಯಿತು. ಅದು ನಿಂತಿದ್ದ ಜಾಗದಲ್ಲಿ ರಕ್ತ ಸ್ವಲ್ಪ, ಹಸಿರು ಜಾಸ್ತಿ. ಅರ್ಧ ಅಗಿದ ಹುಲ್ಲಿನ ಹಸಿರು. ಅಷ್ಟರಲ್ಲೇ ನೊಣ ಕೂತಿದ್ದವು. ಆ ವಾಸನೆಯನ್ನು ನಾನು ಬಲ್ಲೆ, ಊರಲ್ಲಿ ಹಂದಿ ಕೊಯ್ಯುವವರ ಕೈ ತಪ್ಪಿ ಕರುಳು ಒಡೆದಾಗ ಬರುವ ವಾಸನೆ ಅದು. ಹೊಟ್ಟೆಗೆ ಬಿದ್ದಿದೆ ಎಂದಳು ಮುದುಕಿ. ತೊರೆಯ ಮೇಲಿನಿಂದ ನೋಡಿದರೆ, ಕೆಳಗೆ ಮರದ ಬುಡದಲ್ಲಿ ಜಿಂಕೆ ನಾಯಿಯ ಹಾಗೆ ಕೂತಿತ್ತು. ಮುಂಗಾಲು ಊರಿ ಏಳಲು ನೋಡುವುದು, ಕುಸಿಯುವುದು. ಬಾಯಲ್ಲಿ ಇನ್ನೂ ಹುಲ್ಲಿತ್ತು.

"ಅಡ್ಡ ತಿರುಗಿರಲಿಲ್ಲ," ಎಂದಳು ಮುದುಕಿ. "ಹೊಡಿ ಅಂದದ್ದು ಯಾರು?"

ಮಗಳು ನನ್ನ ಮುಖ ನೋಡಿದಳು.

ನಾನು ನಕ್ಕೆ. ಹೌದು, ಮೊದಲು ನಕ್ಕೆ, ಆಮೇಲೆ ಹೇಳಿದೆ. "ನಾನು ‘ಬಿಡು’ ಅಂದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಲೀವ್ ಇಟ್ ಅಂತ ಅರ್ಥ."

ಆ ಎರಡು ಇಂಗ್ಲಿಷ್ ಪದಗಳನ್ನು ಹುಡುಕಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಹೇಸಿಗೆ. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ಭಯವಾಗಿತ್ತು ಎನ್ನಬಹುದಿತ್ತು. ಇದು ಬಾಯಲ್ಲೇ ಸಿದ್ಧವಾಗಿತ್ತು.

ಮಗಳ ಹೆಗಲಲ್ಲಿ ನನ್ನ ಬೆರಳಿನ ನೋವು ಇನ್ನೂ ಇದ್ದಿರಬೇಕು. "ಯಾ," ಎಂದಳು ಮುದುಕಿಗೆ. "ಐ ಹರ್ಡ್ ಇಟ್ ರಾಂಗ್."

ಮುದುಕಿ ಅವಳನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮಗಳಿಗೆ, "ಹಾಗಾದ್ರೆ ಇಳಿದು ಮುಗಿಸೋದೂ ನಿನ್ನ ಕೆಲಸ, ಲವ್. ನನ್ನ ಜಮೀನಲ್ಲಿ ಹಾಗೇನೇ," ಎಂದಳು.

ಮಗಳು ತೊರೆಗೆ ಇಳಿದಳು. ನಲವತ್ತು ಹೆಜ್ಜೆ ಇರಬಹುದು. ನಡುವೆ ಒಮ್ಮೆ ನಿಂತು ಹಿಂದಿರುಗಿ ನೋಡಿದಳು. ನಾನು ಬಗ್ಗಿ ಕಾಲುಚೀಲಕ್ಕೆ ಚುಚ್ಚಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಕೀಳುತ್ತಿದ್ದೆ. ಒಂದೊಂದಾಗಿ ಕೀಳುತ್ತಿದ್ದೆ. ಗುಂಡಿನ ಸದ್ದಾಗುವವರೆಗೂ ತಲೆ ಎತ್ತಲಿಲ್ಲ. ಅವಳು ಮೇಲೆ ಬಂದು, ರೇಂಜಿನಲ್ಲಿ ಕಲಿಸಿದ ಹಾಗೆ ಕೋವಿಯನ್ನು ಖಾಲಿ ಮಾಡಿ ಕೊಟ್ಟಳು. ನನ್ನ ಕೈಗಲ್ಲ, ಮುದುಕಿಯ ಕೈಗೆ.

ಕೊಯ್ದವನು ನಾನು. ಒಡೆದ ಹೊಟ್ಟೆಯಿಂದ ಸುರಿದದ್ದು ಮೊಣಕೈವರೆಗೆ ಬಂತು. ಮಗಳು ದೂರದಲ್ಲಿ ಯೂಟ್ ಗಾಡಿಗೆ ಒರಗಿ ವಾಂತಿ ಮಾಡುತ್ತಿದ್ದಳು. ನಾನು ಏನು ಮಾಡಿದೆ ಗೊತ್ತೆ? ಜಿಂಕೆಯನ್ನು ಚೊಕ್ಕವಾಗಿದ್ದ ಮಗ್ಗುಲಿಗೆ ತಿರುಗಿಸಿ, ಅದರ ತಲೆ ಎತ್ತಿ ಹಿಡಿದು, ಸೋಮವಾರಕ್ಕೆ ಫೋಟೋ ತೆಗೆದುಕೊಂಡೆ.

ಮರುವಾರ ಚರ್ಚಿನ ಪರಿಚಯದವರನ್ನು ಬಾರ್ಬಿಗೆ, ಅಂದರೆ ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನುವ ಊಟಕ್ಕೆ, ಕರೆದೆವು. ಹೆಂಡತಿಗೆ ನಡೆದದ್ದು ಗೊತ್ತಿರಲಿಲ್ಲ, ಊರಿನ ಮಸಾಲೆ ಅರೆದು ಸುಕ್ಕ ಮಾಡಿದ್ದಳು. ಎಷ್ಟು ಮೆಣಸು ಹಾಕಿದರೂ ಮಾಂಸಕ್ಕೆ ಆ ಹಸಿರಿನ ವಾಸನೆ ಅಂಟಿಕೊಂಡೇ ಇತ್ತು, ಕನಿಷ್ಠ ನನ್ನ ಮೂಗಿಗೆ. ಫಾರ್ಮಿನಲ್ಲಿ ತಪ್ಪು ಮಗಳದ್ದು ಎಂದವನು ಅಲ್ಲಿ ತಟ್ಟೆ ಹಿಡಿದು, ನನ್ನ ಮಗಳು ಒಂದೇ ಗುಂಡಿಗೆ ಕೆಡವಿದಳು ಎಂದು ಹೇಳುತ್ತಾ ತಿರುಗಿದೆ. ಒಬ್ಬರು ಅವಳನ್ನು ಕರೆದು, "ಏನಮ್ಮಾ ಬೇಟೆಗಾತಿ, ನೀನು ಹೊಡೆದದ್ದು ನೀನೇ ತಿನ್ನಲ್ವಾ?" ಎಂದರು. ಅವಳು ಹಸಿವಿಲ್ಲ ಅಂಕಲ್ ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಯಾರಿಗೂ ಅನುಮಾನ ಬರಬಾರದೆಂದು ನಾನು ಎರಡನೇ ಸಲ ಬಡಿಸಿಕೊಂಡು ತಿಂದೆ.

ಅಂದಿನಿಂದ ಮಗಳಿಗೆ ಕನ್ನಡ ಅರ್ಥವಾಗುವುದು ನಿಂತಿತು. ಅಮ್ಮನ ಮಾತು ಅರ್ಥವಾಗುತ್ತಿತ್ತು, ನನ್ನದು ಮಾತ್ರ ಇಲ್ಲ. ಬಾಗಿಲು ಹಾಕು ಎಂದರೂ ‘ಮೀನಿಂಗ್?’ ಎಂದು ಕೇಳಿ, ನಾನು ಇಂಗ್ಲಿಷಿನಲ್ಲಿ ಹೇಳುವವರೆಗೆ ಕಾಯುತ್ತಿದ್ದಳು. ಸಿಟ್ಟಿನಿಂದಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಹಾಗೆ. ಅವಳಮ್ಮ ಅದನ್ನು ವಯಸ್ಸಿನ ಕೊಬ್ಬು ಎಂದಳು. ನಾನೂ ಹೌದೆಂದೆ.

ಪಾಪನಿವೇದನೆಗೆ ಹೋದೆ. ಒಬ್ಬ ಮುದುಕಿಗೆ ಸುಳ್ಳು ಹೇಳಿದೆ ಎಂದೆ. ಅದರಿಂದ ಯಾರಿಗಾದರೂ ಕೇಡಾಯಿತೇ ಎಂದು ಪಾದ್ರಿ ಕೇಳಿದರು. ಇಲ್ಲ ಫಾದರ್, ಒಂದು ಜಿಂಕೆ, ಹೇಗೂ ಸಾಯುವುದಿತ್ತು ಎಂದೆ. ಅವರು ಕೊಟ್ಟ ಪ್ರಾರ್ಥನೆಯನ್ನು ಹೇಳಿ ಮುಗಿಸಿ, ಪಾರ್ಕಿಂಗ್ ಸಮಯ ಮುಗಿಯುವ ಮೊದಲೇ ಕಾರಿಗೆ ಬಂದೆ.

ಪರ್ತಿಗೆ ಬಂದ ಮೇಲೆ ಮುದುಕಿಗೂ ಕಾಗದ ಬರೆದೆ. ನಿಜ ಹೇಳಿ ಕ್ಷಮೆ ಕೇಳಿದೆ. ದೂರದಲ್ಲಿದ್ದವಳಿಗೆ ಬರೆಯುವುದು ಸುಲಭ. ಉತ್ತರ ಮೂರೇ ಸಾಲು. ನಿನ್ನ ಬೆರಳನ್ನು ನಾನು ಹಿಂದಿನಿಂದ ನೋಡಿದ್ದೆ. ನೀನು ತಡೆಯುತ್ತೀ ಎಂದುಕೊಂಡೇ ಅವಳನ್ನು ಕೆಳಗೆ ಕಳಿಸಿದೆ. ಕ್ಷಮೆ ಕೇಳಬೇಕಾದ್ದು ನನ್ನಲ್ಲಲ್ಲ. ಆ ಕಾಗದವನ್ನು ಹೆಂಡತಿಗೂ ತೋರಿಸದೆ ಹರಿದೆ.

ಮಗಳು ಈಗ ಬ್ರಿಸ್ಬೇನಿನಲ್ಲಿದ್ದಾಳೆ. ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಆಫೀಸು, ಅಲ್ಲೇ ಹತ್ತಿರದಲ್ಲಿ ಅಪಾರ್ಟ್‌ಮೆಂಟ್. ಹೋದ ವರ್ಷ ಹೋಗಿದ್ದೆವು. ಏಳು ವರ್ಷದ ಮೊಮ್ಮಗಳು ಬಾಲ್ಕನಿಯಲ್ಲಿ ಒಂದು ಹಲ್ಲಿಮರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದಳು. ಪಾಪ, ಬಿಡು ಮಗಾ ಎಂದೆ. ಅವಳಿಗೆ ಆ ಮಾತು ಹೊಸದು. ಒಳಗೆ ತಿರುಗಿ, ಬಿಡು ಅಂದರೇನು ಎಂದು ಅಮ್ಮನನ್ನು ಕೇಳಿದಳು.

ಮಗಳು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು. ಚಾಕು ನಿಲ್ಲಲಿಲ್ಲ.

"ಅಜ್ಜನ್ನೇ ಕೇಳು," ಎಂದಳು. ಹದಿನೇಳು ವರ್ಷದ ಮೇಲೆ ನನ್ನ ಕಿವಿಗೆ ಬಿದ್ದ ಅವಳ ಕನ್ನಡ. "ಅವರಿಗೆ ಯಾವ ಅರ್ಥ ಬೇಕೋ ಅದು."

ಹೆಂಡತಿ ನಕ್ಕಳು, ತಮಾಷೆ ಎಂದುಕೊಂಡು. ಮಗಳು ನಗಲಿಲ್ಲ. ಆಗ ನಾನು ಒಳಗೆ ಹೋಗಬಹುದಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ. ನಾನು ಮೊಮ್ಮಗಳ ಬೆರಳು ಬಿಡಿಸಿ ಹಲ್ಲಿಮರಿಯನ್ನು ಗೋಡೆಗೆ ಹತ್ತಿಸಿದೆ, ಅದು ಹೋದ ದಿಕ್ಕನ್ನೇ ನೋಡುತ್ತಾ ನಿಂತೆ. ನಾಲ್ಕು ದಿನ ಅಲ್ಲಿದ್ದು, ಮೊಸರು ಹೆಪ್ಪು ಹಾಕುವುದರ ಬಗ್ಗೆ, ವಿಮಾನದ ಸಮಯದ ಬಗ್ಗೆ ಮಾತಾಡಿ ಮೋರ್ಲಿಗೆ ವಾಪಸ್ಸು ಬಂದೆ.

ಇಷ್ಟು ಬರೆದ ಮೇಲೂ ನನ್ನ ಬಗ್ಗೆ ನನಗೆ ವಾಕರಿಕೆ ಕಡಿಮೆಯಾಗಿಲ್ಲ. ಏಕೆಂದರೆ ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾವು ಕಲಿಸಲಿಲ್ಲ. ಅದು ಗೊತ್ತಿದ್ದೇ ಇದನ್ನು ಕನ್ನಡದಲ್ಲಿ ಬರೆಯಲು ಕೂತೆ. ಆ ದಿನ ಎಲ್ಲಿ ಅಡಗಿದ್ದೆನೋ ಇವತ್ತೂ ಅಲ್ಲೇ ಅಡಗಿದ್ದೇನೆ. ದೇವರ ಕ್ಷಮೆ ಕೇಳಿದ್ದಾಯಿತು, ಪಾದ್ರಿಯದು ಆಯಿತು, ಕುರಿ ಸಾಕುವ ಮುದುಕಿಯದೂ ಆಯಿತು. ಈಗ ಓದುತ್ತಿರುವ ನಿಮ್ಮೆದುರೂ ತಲೆ ತಗ್ಗಿಸಿದ್ದೇನೆ. ಕೇಳದೆ ಉಳಿದದ್ದು ಒಬ್ಬಳಲ್ಲಿ, ತೊರೆಗೆ ಇಳಿಯುತ್ತಾ ನಡುವೆ ನಿಂತು ಹಿಂದಿರುಗಿ ನೋಡಿದವಳಲ್ಲಿ. ನನ್ನ ಮಗಳಲ್ಲಿ.